ತಂದೆ ಪಡೆದ ಹಣ, ಮಗ ತೆತ್ತ ಬೆಲೆ

ಅಮೆರಿಕದ ಕಾಲೇಜು ಬ್ಯಾಸ್ಕೆಟ್‌ಬಾಲ್ ಎಂದರೆ ಕೋಟ್ಯಂತರ ಡಾಲರ್‌ಗಳ ವ್ಯವಹಾರ. ಆದರೆ ಅಂಕಣದಲ್ಲಿ ಬೆವರು ಸುರಿಸುವ ವಿದ್ಯಾರ್ಥಿಗೆ ದಶಕಗಳ ಕಾಲ ದಕ್ಕಿದ್ದು ವಿದ್ಯಾರ್ಥಿವೇತನ, ಊಟ, ವಸತಿಯಷ್ಟೇ.

ನೇರ ದಾರಿ ಮುಚ್ಚಿದ್ದರಿಂದ ಹಣ ಕಳ್ಳದಾರಿ ಹಿಡಿಯಿತು. 2017ರ ಸೆಪ್ಟೆಂಬರ್‌ನಲ್ಲಿ ನಾಲ್ವರು ಸಹಾಯಕ ತರಬೇತುದಾರರೂ ಸೇರಿ 10 ಮಂದಿಯ ಬಂಧನವಾಯಿತು. ಬ್ರಯಾನ್ ಬೋವೆನ್ ಎಂಬ ಹುಡುಗ ಲೂಯಿವಿಲ್ ವಿಶ್ವವಿದ್ಯಾಲಯ ಸೇರಲೆಂದು ಅವನ ತಂದೆಗೆ ಅಡಿಡಾಸ್ ಕಡೆಯವರಿಂದ 1 ಲಕ್ಷ ಡಾಲರ್ ಮಾತಾಗಿತ್ತು; ಒಂದು ಪಾಲು ಕೈಸೇರಿಯೂ ಇತ್ತು. ತನಗೇನೂ ಗೊತ್ತಿರಲಿಲ್ಲ ಎಂದ ಮಗ. ಆದರೂ ಕಾಲೇಜು ತಂಡದಲ್ಲಿ ಒಂದು ಪಂದ್ಯವನ್ನೂ ಆಡಲಾಗಲಿಲ್ಲ.

2021ರ ಜುಲೈಯಿಂದ ಆಟಗಾರರು ತಮ್ಮ ಹೆಸರು, ಚಿತ್ರಗಳಿಂದ ಗಳಿಸಬಹುದು. 2025ರ ಜುಲೈಯಿಂದ ವಿಶ್ವವಿದ್ಯಾಲಯಗಳೇ ನೇರವಾಗಿ ಹಣ ಕೊಡಬಹುದು. ಬೋವೆನ್ ಕಳೆದುಕೊಂಡ ಆಟ ಮಾತ್ರ ಮರಳಿ ಬಾರದು. ಮಕ್ಕಳ ಹೆಸರಿನಲ್ಲಿ ಕೈ ಚಾಚುವ ಮುನ್ನ ಹೆತ್ತವರು ನಿಯಮ ಓದುವುದು ಲೇಸು.