ಡಿಸ್ಕ್ ಸತ್ತಿಲ್ಲ, ಹೆಸರು ಬದಲಾಗಿದೆ ಅಷ್ಟೇ

ಕಳೆದ ಸೆಮ್ ಕೊನೇಲಿ ಒಂದು ಸಂಜೆ ನಮ್ಮ ಲ್ಯಾಬಿನ ಹಳೇ ಸರ್ವರನ್ನ ರೀಬೂಟ್ ಮಾಡಿದ್ವಿ. ಅದರಲ್ಲಿ ಫ್ರೀಬಿಎಸ್‌ಡಿ ಓಡುತ್ತೆ, ಜೊತೆಗೆ ಸೀನಿಯರ್‌ಗಳ ಪ್ರಾಜೆಕ್ಟ್ ಫೈಲುಗಳೆಲ್ಲ ಅದರಲ್ಲೇ ಇವೆ. ಬ್ಯಾಕಪ್ ಇತ್ತಾ ಅಂತ ಕೇಳಬೇಡಿ, ಇರಲಿಲ್ಲ. ಲಾಗಿನ್ ಬರಬೇಕಾದ ಜಾಗದಲ್ಲಿ ಬಂದದ್ದು ಬೇರೆ: ರೂಟ್ ಮೌಂಟ್ ಆಗಲಿಲ್ಲ, ಎರರ್ 19. ಅದರ ಕೆಳಗೆ ‘ಮೌಂಟ್‌ರೂಟ್’ ಅನ್ನೋ ಪ್ರಾಂಪ್ಟ್. "ಡಿಸ್ಕ್ ಹೋಯ್ತು ಕಣೋ, ಹೊಸದಾಗಿ ಇನ್‌ಸ್ಟಾಲ್ ಮಾಡಿಬಿಡೋಣ" ಅಂತ ಒಬ್ಬ ಪೆನ್‌ಡ್ರೈವ್ ತೆಗೆದೇಬಿಟ್ಟ.

ಹಾಗೆ ಮಾಡಿದ್ದರೆ ಸೀನಿಯರ್‌ಗಳ ಕೆಲಸವೆಲ್ಲ ಅವತ್ತೇ ಹೋಗಿರೋದು. ನಿಜ ಹೇಳಬೇಕೆಂದರೆ ಡಿಸ್ಕ್‌ಗೆ ಏನೂ ಆಗಿರಲಿಲ್ಲ. ಹಿಂದಿನ ದಿನ ನಾವೇ ಸ್ಟೋರೇಜ್ ಡ್ರೈವರ್ ಬದಲಾಯಿಸಿದ್ವಿ, ಆದರೆ ಅರ್ಧ ಕೆಲಸ ಮಾಡಿ ಎದ್ದಿದ್ವಿ. ಆ ಉಳಿದ ಅರ್ಧ ಏನು ಅನ್ನೋದೇ ಈ ಲೇಖನ. (ಕಮಾಂಡ್‌ಗಳನ್ನ ಓದುವ ಹಾಗೆ ಕನ್ನಡದಲ್ಲಿ ಬರೆದಿದ್ದೀನಿ. ಟೈಪ್ ಮಾಡೋದು ಇಂಗ್ಲಿಷ್ ಅಕ್ಷರದಲ್ಲೇ.)

ಮೊದಲು ಒಂದು ವಿಚಿತ್ರ ಗಮನಿಸಿ. ‘ಡಿಸ್ಕ್ ಸಿಗ್ತಿಲ್ಲ’ ಅಂತ ಹೇಳ್ತಿರೋದು ಕರ್ನಲ್. ಆ ಕರ್ನಲ್ ಬಂದದ್ದು ಎಲ್ಲಿಂದ? ಅದೇ ಡಿಸ್ಕ್‌ನಿಂದ! ಬೂಟ್ ಡೈರೆಕ್ಟರಿಯ ಒಳಗಿರೋ ಒಂದು ಫೈಲ್ ಅದು. ಡಿಸ್ಕ್‌ನಿಂದ ಎದ್ದು ಬಂದವನೇ ಡಿಸ್ಕ್ ಕಾಣ್ತಿಲ್ಲ ಅಂದರೆ ಹೇಗೆ?

ಉತ್ತರ ಇಷ್ಟೇ: ಡಿಸ್ಕನ್ನ ಓದುವವರು ಇಬ್ಬರು. ಕಂಪ್ಯೂಟರ್ ಆನ್ ಆದಾಗ ಮೊದಲು ಏಳೋದು ಬಯಾಸ್ ಅಥವಾ ಯುಇಎಫ್‌ಐ ಫರ್ಮ್‌ವೇರ್. ಅದು ಲೋಡರ್ ಅನ್ನೋ ಪುಟ್ಟ ಪ್ರೋಗ್ರಾಂನ ಕರೆಯುತ್ತೆ. ಲೋಡರ್‌ಗೆ ಸ್ವಂತ ಡ್ರೈವರ್ ಬೇಕಿಲ್ಲ. ಡಿಸ್ಕ್ ಓದಬೇಕಾದಾಗಲೆಲ್ಲ ಅದು ಫರ್ಮ್‌ವೇರನ್ನೇ ಕೇಳುತ್ತೆ. ಹೀಗೆ ಓದಿ ಕರ್ನಲನ್ನ ಮೆಮೊರಿಗೆ ಹಾಕಿ ಕೈ ಬಿಡುತ್ತೆ. ಕರ್ನಲ್ ಮಾತ್ರ ಡಿಸ್ಕ್‌ಗಾಗಿ ಫರ್ಮ್‌ವೇರ್ ಹತ್ರ ಹೋಗಲ್ಲ. ಅದು ಹಾರ್ಡ್‌ವೇರ್ ಜೊತೆ ತನ್ನದೇ ಡ್ರೈವರ್ ಮೂಲಕ ಮಾತಾಡುತ್ತೆ. ಆ ಡ್ರೈವರ್ ಇಲ್ಲದಿದ್ದರೆ ತಾನು ಹುಟ್ಟಿದ ಮನೆಯೇ ಅದಕ್ಕೆ ಕಾಣಲ್ಲ.

ಈಗ ಡ್ರೈವರ್ ಎಲ್ಲಿ ಇನ್‌ಸ್ಟಾಲ್ ಮಾಡಬೇಕು ಅನ್ನೋದು ಅರ್ಥ ಆಗುತ್ತೆ. ಫ್ರೀಬಿಎಸ್‌ಡಿಯಲ್ಲಿ ಡ್ರೈವರ್‌ಗಳು ಎರಡು ರೀತಿ ಇರುತ್ತವೆ: ಕೆಲವು ಕರ್ನಲ್ ಒಳಗೇ ಸೇರಿರುತ್ತವೆ, ಇನ್ನು ಕೆಲವು ‘.ಕೆಒ’ ಅನ್ನೋ ಬಾಲದ ಬೇರೆ ಮಾಡ್ಯೂಲ್ ಫೈಲುಗಳು. ಸಿಸ್ಟಮ್ ಓಡ್ತಿರುವಾಗ ‘ಕೆಎಲ್‌ಡಿಲೋಡ್’ ಅಂತ ಕೊಟ್ಟು ಹೆಸರು ಬರೆದರೆ ಮಾಡ್ಯೂಲ್ ಒಳಗೆ ಬರುತ್ತೆ. ಆದರೆ ರೀಬೂಟ್ ಆದರೆ ಅದು ಹೋಯ್ತು. ಪ್ರತಿ ಸಲ ತಾನೇ ಬರಬೇಕಾದರೆ ಎರಡು ದಾರಿ ಇದೆ. ಆರ್‌ಸಿ.ಕಾನ್ಫ್ ಫೈಲಿನ ‘ಕೆಎಲ್‌ಡಿ_ಲಿಸ್ಟ್’ ಸಾಲಿನಲ್ಲಿ ಬರೀಬಹುದು, ಅಥವಾ ಬೂಟ್ ಡೈರೆಕ್ಟರಿಯ ಲೋಡರ್.ಕಾನ್ಫ್‌ನಲ್ಲಿ ಡ್ರೈವರ್ ಹೆಸರು, ಅದಕ್ಕೆ ‘_ಲೋಡ್’ ಸೇರಿಸಿ ‘ಯೆಸ್’ ಅಂತ ಬರೀಬಹುದು.

ವೈಫೈ, ಗ್ರಾಫಿಕ್ಸ್‌ಗೆಲ್ಲ ಮೊದಲನೇ ದಾರಿ ಸಾಕು. ರೂಟ್ ಇರೋ ಡಿಸ್ಕ್‌ನ ಡ್ರೈವರ್‌ಗೆ ಅದು ಆಗಲ್ಲ. ಯಾಕೆಂದರೆ ಆರ್‌ಸಿ.ಕಾನ್ಫ್ ಓದೋದು ರೂಟ್ ಮೌಂಟ್ ಆದ ಮೇಲೆ. ಬೀರುವಿನ ಬೀಗದ ಕೈಯನ್ನ ಬೀರುವಿನ ಒಳಗೇ ಇಟ್ಟು ಬಾಗಿಲು ಹಾಕಿದ ಹಾಗೆ. ಲೋಡರ್.ಕಾನ್ಫ್‌ನಲ್ಲಿ ಬರೆದರೆ ಲೋಡರ್ ಫರ್ಮ್‌ವೇರ್ ಸಹಾಯದಿಂದ ಕರ್ನಲ್ ಜೊತೆಗೇ ಡ್ರೈವರನ್ನೂ ಮೆಮೊರಿಗೆ ತಂದಿಡುತ್ತೆ. ಕರ್ನಲ್ ಕಣ್ಣು ಬಿಡುವಾಗ ಬೀಗದ ಕೈ ಆಗಲೇ ಕೈಯಲ್ಲಿರುತ್ತೆ.

ಇಷ್ಟು ನಮಗೆ ಗೊತ್ತಿತ್ತು. ಆದರೂ ಎಡವಿದ್ದು ಮುಂದಿನ ಹೆಜ್ಜೆಯಲ್ಲಿ.

ಆ ಸರ್ವರಿನಲ್ಲಿರೋದು ಮೆಗಾರೇಡ್ ಕಾರ್ಡ್. ಹಲವು ಡಿಸ್ಕ್‌ಗಳನ್ನ ಸೇರಿಸಿ ಓಎಸ್‌ಗೆ ಒಂದೇ ಡಿಸ್ಕ್ ಅಂತ ತೋರಿಸುತ್ತೆ. ಈ ಕಾರ್ಡ್‌ಗಳಿಗೆ ಫ್ರೀಬಿಎಸ್‌ಡಿಯಲ್ಲಿ ಎರಡು ಡ್ರೈವರ್ ಇವೆ: ಹಳೆಯದು ಎಂಎಫ್‌ಐ, ಹೊಸದು ಎಂಆರ್‌ಎಸ್‌ಎಎಸ್. ಕೆಲವು ತಲೆಮಾರಿನ ಕಾರ್ಡ್‌ಗಳನ್ನ ಎರಡೂ ನಿಭಾಯಿಸುತ್ತವೆ. ಅಂಥ ಕಡೆ ಹೊಸದನ್ನೇ ಬಳಸು ಅಂತ ಹೇಳೋಕೆ ‘ಎಚ್‌ಡಬ್ಲ್ಯೂ.ಎಂಎಫ್‌ಐ.ಎಂಆರ್‌ಎಸ್‌ಎಎಸ್_ಎನೇಬಲ್’ ಅನ್ನೋ ಸೆಟ್ಟಿಂಗ್‌ನ 1 ಮಾಡಬೇಕು. ನಾವು ಮಾಡಿದ್ವಿ. ಹೊಸ ಡ್ರೈವರ್ ಸರಿಯಾಗಿಯೇ ಬಂತು, ಡಿಸ್ಕನ್ನೂ ಹಿಡೀತು. ಆದರೆ ಎಂಎಫ್‌ಐ ಡ್ರೈವರ್ ಡಿಸ್ಕ್‌ಗೆ ಕೊಡೋ ಹೆಸರು ‘ಎಂಎಫ್‌ಐಡಿ0’, ಎಂಆರ್‌ಎಸ್‌ಎಎಸ್ ಕೊಡೋದು ‘ಡಿಎ0’. ನಮ್ಮ ಎಫ್‌ಎಸ್‌ಟ್ಯಾಬ್ ಫೈಲಿನಲ್ಲಿ ಇನ್ನೂ ಹಳೇ ಹೆಸರೇ ಇತ್ತು. ಕರ್ನಲ್ ಆ ಹೆಸರನ್ನ ಕೂಗಿತು, ಯಾರೂ ‘ಪ್ರೆಸೆಂಟ್’ ಅನ್ನಲಿಲ್ಲ. ಎರರ್ 19 ಅಂದರೆ ಅಷ್ಟೇ: ಅಂಥ ಡಿವೈಸ್ ಇಲ್ಲ. ಡಿಸ್ಕ್ ಕೆಟ್ಟಿದೆ ಅಂತ ಅದು ಎಲ್ಲೂ ಹೇಳಿಲ್ಲ.

ಹಾಗಾದರೆ ಮೌಂಟ್‌ರೂಟ್ ಪ್ರಾಂಪ್ಟ್ ಬಂದಾಗ ಏನು ಮಾಡಬೇಕು?

ಮೊದಲು ಒಂದು ಪ್ರಶ್ನಾರ್ಥಕ ಚಿಹ್ನೆ ಒತ್ತಿ ಎಂಟರ್ ಹೊಡೀರಿ. ಕರ್ನಲ್‌ಗೆ ಕಾಣ್ತಿರೋ ಡಿಸ್ಕ್‌ಗಳ ಪಟ್ಟಿ ಬರುತ್ತೆ. ನಿಮ್ಮ ಡಿಸ್ಕ್ ಬೇರೆ ಹೆಸರಲ್ಲಿ ಅಲ್ಲಿದ್ದರೆ ಡ್ರೈವರ್ ಸರಿ ಇದೆ, ಹೆಸರು ಮಾತ್ರ ತಪ್ಪು. ಫೈಲ್‌ಸಿಸ್ಟಮ್ ಯುಎಫ್‌ಎಸ್ ಆಗಿದ್ದರೆ ‘ಯುಎಫ್‌ಎಸ್:’ ಅಂತ ಬರೆದು ಮುಂದೆ ಹೊಸ ಹೆಸರಿನ ಪೂರ್ತಿ ಪಾತ್ ಕೊಡಿ. ನಮ್ಮ ರೂಟ್ ಇದ್ದದ್ದು ‘ಡಿಎ0ಪಿ2’, ಅಂದರೆ ಆ ಡಿಸ್ಕ್‌ನ ಎರಡನೇ ಪಾರ್ಟಿಷನ್. ಕೊಟ್ಟ ತಕ್ಷಣ ಮೌಂಟ್ ಆಯ್ತು. ಮುಂದೆ ಎಫ್‌ಎಸ್‌ಟ್ಯಾಬಿನ ಹಳೇ ಹೆಸರಿನಿಂದಲೇ ಸಿಂಗಲ್ ಯೂಸರ್ ಮೋಡ್‌ಗೆ ಬಂದು ನಿಲ್ತು. ಅಲ್ಲಿ ರೂಟ್ ಓದೋಕಷ್ಟೇ ಸಿಗುತ್ತೆ. ಅದನ್ನ ಬರೆಯೋ ಹಾಗೆ ಮತ್ತೆ ಮೌಂಟ್ ಮಾಡಿ, ಎಫ್‌ಎಸ್‌ಟ್ಯಾಬಿನಲ್ಲಿ ಹೆಸರು ತಿದ್ದಿ ರೀಬೂಟ್ ಮಾಡಿದ್ವಿ. ಸ್ವಾಪ್ ಸಾಲನ್ನೂ ತಿದ್ದೋದು ಮರೀಬೇಡಿ.

ಪಟ್ಟಿಯಲ್ಲಿ ಡಿಸ್ಕ್ ಇಲ್ಲವೇ ಇಲ್ಲ ಅಂದರೆ ಡ್ರೈವರ್ ಬಂದಿಲ್ಲ ಅನ್ನೋ ಅನುಮಾನ ಮೊದಲು. ಆಗಲೂ ಫಾರ್ಮ್ಯಾಟ್ ಬೇಡ. ರೀಬೂಟ್ ಮಾಡಿ, ಲೋಡರ್ ಮೆನು ಬಂದಾಗ ಎಸ್ಕೇಪ್ ಒತ್ತಿದರೆ ಲೋಡರ್‌ನ ಪ್ರಾಂಪ್ಟ್ ಸಿಗುತ್ತೆ. ಅಲ್ಲಿ ‘ಸೆಟ್’ ಕೊಟ್ಟು ಬದಲಾಯಿಸಿದ ಸೆಟ್ಟಿಂಗನ್ನ ಹಳೇ ಬೆಲೆಗೆ ತಂದು ‘ಬೂಟ್’ ಅಂತ ಕೊಡಿ. ಆ ಒಂದು ಸಲಕ್ಕೆ ಹಳೇ ಡ್ರೈವರ್ ವಾಪಸ್ ಬರುತ್ತೆ.

ಡ್ರೈವರ್ ಬದಲಾಯಿಸೋ ಮುಂಚೆ ನೋಡಬೇಕಾದ್ದು ಇನ್ನೂ ಸುಲಭ. ‘ಪಿಸಿಐಕಾನ್ಫ್ -ಎಲ್‌ವಿ’ ಕೊಟ್ಟರೆ ಒಂದೊಂದು ಕಾರ್ಡ್‌ನ ಸಾಲಿನ ಶುರುವಿನಲ್ಲೇ ಅದನ್ನ ಹಿಡಿದಿರೋ ಡ್ರೈವರ್ ಹೆಸರಿರುತ್ತೆ. ‘ನನ್’ ಅಂತ ಶುರುವಾದರೆ ಆ ಕಾರ್ಡ್‌ಗೆ ದಿಕ್ಕಿಲ್ಲ ಅಂತ ಅರ್ಥ. ಯಾವ ಡ್ರೈವರ್ ಬೇಕು ಅನ್ನೋಕೆ ಮ್ಯಾನ್ ಪೇಜ್ ನೋಡಿ. 4ನೇ ವಿಭಾಗದಲ್ಲಿ ಡ್ರೈವರ್‌ಗಳಿವೆ, ಯಾವ್ಯಾವ ಕಾರ್ಡ್ ನಡೆಯುತ್ತೆ ಅಂತಲೂ ಬರೆದಿರುತ್ತೆ. ಡಿಸ್ಕ್ ಹೆಸರು ಬದಲಾಗೋ ವಿಷಯ ಎಂಆರ್‌ಎಸ್‌ಎಎಸ್ ಪೇಜಿನಲ್ಲಿ ಸ್ಪಷ್ಟವಾಗಿಯೇ ಇತ್ತು. ಓದದೇ ಇದ್ದದ್ದು ನಾವು.

ಹೆಸರಿನ ಈ ತಾಪತ್ರಯ ನಮ್ಮೊಬ್ಬರದ್ದಲ್ಲ. 2012ರಲ್ಲಿ ಫ್ರೀಬಿಎಸ್‌ಡಿ 9.0 ಬಂದಾಗ ಸಾಟಾ ಡಿಸ್ಕ್‌ಗಳು ‘ಎಡಿ’ಯಿಂದ ‘ಎಡಿಎ’ ಆದವು. 2023ರಲ್ಲಿ 14.0 ಬಂದಾಗ ಎನ್‌ವಿಎಂಇ ಡಿಸ್ಕ್‌ಗಳು ‘ಎನ್‌ವಿಡಿ’ಯಿಂದ ‘ಎನ್‌ಡಿಎ’ ಆದವು. ಹಳೇ ಹೆಸರೂ ನಡೆಯೋ ಹಾಗೆ ಲಿಂಕ್ ಇಟ್ಟಿದ್ದರಿಂದ ಬಹಳ ಜನಕ್ಕೆ ತೊಂದರೆ ಆಗಲಿಲ್ಲ. ಎಂಎಫ್‌ಐನಿಂದ ಹೊರಟ ನಮಗೆ ಅಂಥ ಲಿಂಕ್ ಇರಲಿಲ್ಲ.

ಶಾಶ್ವತ ಪರಿಹಾರ ಅಂದರೆ ಲೇಬಲ್. ಡಿಎ0 ಅನ್ನೋದು ಕ್ಲಾಸಲ್ಲಿ ಕೂತಿರೋ ಬೆಂಚಿನ ನಂಬರ್ ಇದ್ದ ಹಾಗೆ, ನಾಳೆ ಬೇರೆ ಕಡೆ ಕೂತರೆ ಬದಲಾಗುತ್ತೆ. ಲೇಬಲ್ ಅಂದರೆ ನಮ್ಮ ಯುಎಸ್‌ಎನ್. ಎಲ್ಲಿ ಕೂತರೂ ಅದೇ. ಜಿಪಿಟಿ ಪಾರ್ಟಿಷನ್ ಆಗಿದ್ದರೆ ‘ಜಿಪಾರ್ಟ್ ಮಾಡಿಫೈ’ ಕಮಾಂಡಿನಿಂದ ‘ರೂಟ್‌ಎಫ್‌ಎಸ್’ ಥರ ಒಂದು ಲೇಬಲ್ ಕೊಡಿ, ಎಫ್‌ಎಸ್‌ಟ್ಯಾಬಿನಲ್ಲಿ ಡೆವ್ ಡೈರೆಕ್ಟರಿಯ ಜಿಪಿಟಿ ಫೋಲ್ಡರಿನ ಆ ಹೆಸರನ್ನೇ ಬರೀರಿ. ಆಮೇಲೆ ಡ್ರೈವರ್ ಯಾವುದೇ ಬರಲಿ, ಕರ್ನಲ್ ಕೂಗಿದಾಗ ಡಿಸ್ಕ್ ಓ ಅನ್ನುತ್ತೆ.

ಆ ಸಂಜೆ ಸರ್ವರ್ ಎದ್ದಾಗ ಎಂಟು ಗಂಟೆ ದಾಟಿತ್ತು. ಸೀನಿಯರ್‌ಗಳ ಫೋಲ್ಡರ್‌ಗಳು ಇದ್ದ ಹಾಗೇ ಇದ್ವು. ಲೇಬಲ್ ಮರುದಿನ ಹಾಕಿದ್ವಿ. ಅವತ್ತು ರಾತ್ರಿ ಮೊದಲು ಮಾಡಿದ ಕೆಲಸ ಬ್ಯಾಕಪ್. ಆ ಪೆನ್‌ಡ್ರೈವಿನಲ್ಲಿದ್ದ ಇನ್‌ಸ್ಟಾಲರ್ ಅಳಿಸಿ, ಹಿಡಿದಷ್ಟು ಪ್ರಾಜೆಕ್ಟ್‌ಗಳನ್ನ ಅದಕ್ಕೇ ತುಂಬಿದ್ವಿ.