ಕಾರ್ಟೂನು ಹುಚ್ಚೂ, ಜಪಾನಿ ಪಾಠವೂ

“ಪರೀಕ್ಷೆ ಹತ್ತಿರ ಬಂತು, ಇನ್ನೂ ಆ ಕಾರ್ಟೂನು ಬಿಡಲಿಲ್ಲವಲ್ಲೇ!” ಜಯನಗರ, ಬನಶಂಕರಿಯ ಕೆಲವು ಮನೆಗಳಲ್ಲಾದರೂ ಅಮ್ಮನ ಈ ಗೊಣಗಾಟ ಕೇಳಿಸೀತು. ಮಗಳ ಕಿವಿಯಲ್ಲಿ ಜಪಾನಿ ಹಾಡು. ಪರದೆಯ ಮೇಲೆ ‘ಅನಿಮೆ’, ಅಂದರೆ ಜಪಾನಿನ ಕಾರ್ಟೂನು.

ಅಮ್ಮನಿಗೂ ಇದು ತೀರಾ ಹೊಸದಲ್ಲ. 1993ರಲ್ಲಿ ಭಾನುವಾರ ದೂರದರ್ಶನದ ಮುಂದೆ ಕುಳಿತು ನೋಡಿದ ಮೋಗ್ಲಿಯ ‘ಜಂಗಲ್ ಬುಕ್’ ಕೂಡ ಜಪಾನಿನಲ್ಲೇ ತಯಾರಾದದ್ದು!

ಈ ಹುಚ್ಚಿನಿಂದ ಏನು ಲಾಭ? ಮನಸ್ಸು ಮಾಡಿದರೆ ಒಂದು ಭಾಷೆ. ಕನ್ನಡದ ಮಕ್ಕಳಿಗೆ ಅಲ್ಲಿ ಪರಿಚಿತವಾದದ್ದು ಸಾಕಷ್ಟಿದೆ. ‘ನಾನು ಅನ್ನ ತಿನ್ನುತ್ತೇನೆ’ ಎನ್ನುವಂತೆಯೇ ಜಪಾನಿಯಲ್ಲೂ ಕ್ರಿಯಾಪದ ಕೊನೆಗೆ. ಅಕ್ಷರಗಳೂ ಮೊದಲು ಅ, ಇ, ಉ, ಎ, ಒ. ಆಮೇಲೆ ಕ, ಸ, ತ, ನ. ಬೌದ್ಧಧರ್ಮದೊಂದಿಗೆ ಅಲ್ಲಿಗೆ ಹೋದ ಸಂಸ್ಕೃತ ವರ್ಣಮಾಲೆಯ ಪ್ರಭಾವವದು.

ಆದರೆ ವಿದ್ಯಾರ್ಥಿಗಳೇ, ಹಾಡು ಗುನುಗಿದ ಮಾತ್ರಕ್ಕೆ ಭಾಷೆ ಬಾರದು. ನಿತ್ಯ ಬಳಕೆಗೆಂದು ಜಪಾನ್ ಸರ್ಕಾರ ಪಟ್ಟಿ ಮಾಡಿರುವ 2,136 ‘ಕಾಂಜಿ’ ಅಕ್ಷರಗಳನ್ನು ಬರೆದು ಬರೆದೇ ಕಲಿಯಬೇಕು. ಕಾರ್ಟೂನಿನ ಮಾತೂ ಕೆಲವೆಡೆ ಒರಟು. ಅಲ್ಲಿ ಕೇಳಿದ ‘ಓಮಾಎ’ಯನ್ನು ಗುರುಗಳಿಗೆ ಬಳಸಿದರೆ, ನಮ್ಮಲ್ಲಿ ಮೇಷ್ಟ್ರನ್ನು ‘ಏನೋ’ ಎಂದಂತೆ!

ಕಲಿತದ್ದನ್ನು ಒರೆಗೆ ಹಚ್ಚಲು ಜೆಎಲ್‌ಪಿಟಿ ಪರೀಕ್ಷೆಯಿದೆ. ಎನ್5 ಮೊದಲ ಮೆಟ್ಟಿಲು, ಎನ್1 ಕೊನೆಯದು. ಬೆಂಗಳೂರಿನಲ್ಲೇ ಬರೆಯಬಹುದು. ಶಾಲೆಯ ಪರೀಕ್ಷೆ ಮುಗಿಸಿಯೇ ಇದಕ್ಕೆ ಕೈ ಹಾಕುವುದು ಜಾಣತನ.

ಪೋಷಕರೇ, ಟೀವಿ ಆರಿಸುವ ಮುನ್ನ ಒಮ್ಮೆ ಮಗಳ ಪಕ್ಕ ಕುಳಿತು, “ಈಗ ಅವನು ಏನೆಂದ?” ಎಂದು ಕೇಳಿ. ಉತ್ತರ ಬಂದರೆ ಅದೂ ಪಾಠವೇ. ಬರದಿದ್ದರೆ, ಪುಸ್ತಕ ತೆಗೆಯುವ ಹೊತ್ತಾಯಿತೆಂದು ಅವಳಿಗೇ ತಿಳಿಯುತ್ತದೆ.