ಪಿಟೀಲಿಗೆ ಕರೆಂಟು ಬಂದ ಬಗೆ

ಪಿಟೀಲು ಪರದೇಶದ ವಾದ್ಯ ಎಂದರೆ ಇಂದು ಯಾರಿಗೂ ನಂಬಿಕೆ ಬಾರದು. ಆದರೆ ಹೆಸರೇ ಸಾಕ್ಷಿ ಹೇಳುತ್ತದೆ. ಇಂಗ್ಲಿಷರ ‘ಫಿಡ್ಲ್’ ನಮ್ಮ ಬಾಯಲ್ಲಿ ಪಿಟೀಲಾಯಿತು. ಹತ್ತೊಂಬತ್ತನೆಯ ಶತಮಾನದಲ್ಲಿ ಬಾಲುಸ್ವಾಮಿ ದೀಕ್ಷಿತರು, ತಂಜಾವೂರಿನ ವಡಿವೇಲು ಮೊದಲಾದವರ ಕೈಗೆ ಬಂದ ಮೇಲೆ ಅದು ಕಚೇರಿಯ ಚಾಪೆಯಲ್ಲಿ ಕುಳಿತು, ಸ-ಪ-ಸ-ಪ ಶ್ರುತಿ ಕಲಿತು, ನಮ್ಮದೇ ಆಯಿತು.

ಅದರ ಕೊರತೆ ಒಂದೇ, ಸದ್ದು ಸಣ್ಣದು. ತಿರುಮಕೂಡಲು ನರಸೀಪುರದ ಟಿ. ಚೌಡಯ್ಯನವರು ನಾಲ್ಕು ತಂತಿಗೆ ಇನ್ನು ಮೂರು ಸೇರಿಸಿ ಏಳು ತಂತಿಯ ಪಿಟೀಲು ಮಾಡಿಕೊಂಡದ್ದು ಹಿಂದಿನ ಸಾಲಿನವನಿಗೂ ಕೇಳಿಸಬೇಕೆಂದೇ. ಆಗ ಟೀಕಿಸಿದವರಿದ್ದರು. 1957ರಲ್ಲಿ ಮದರಾಸಿನ ಸಂಗೀತ ಅಕಾಡೆಮಿಯೇ ಅವರಿಗೆ ಸಂಗೀತ ಕಲಾನಿಧಿ ಬಿರುದು ಕೊಟ್ಟಿತು. ಬಯಲಾಟದ ಭಾಗವತರಿಗೆ ಮೈಕು ಬಂದಾಗಲೂ ನಮ್ಮಲ್ಲಿ ಇದೇ ಚರ್ಚೆ ನಡೆಯಿತಷ್ಟೆ.

ಅಮೆರಿಕದ ಜಾಝ್ ವಾದಕ ಸ್ಟಫ್ ಸ್ಮಿತ್ 1930ರ ದಶಕದಲ್ಲೇ ಪಿಟೀಲಿಗೆ ವಿದ್ಯುತ್ತಿನ ನೆರವು ಪಡೆದಿದ್ದ. ಆದರೆ ಅದರ ನಿಜವಾದ ಕಾಲ ಬಂದುದು ಜಾಝ್ ಮತ್ತು ರಾಕ್ ಕೂಡಿಕೊಂಡಾಗ. 1971ರಲ್ಲಿ ಜಾನ್ ಮೆಕ್‌ಲಾಫ್ಲಿನ್ ಕಟ್ಟಿದ ಮಹಾವಿಷ್ಣು ಆರ್ಕೆಸ್ಟ್ರಾದಲ್ಲಿ (ಹೆಸರು ನೋಡಿ!) ಜೆರ್ರಿ ಗುಡ್‌ಮನ್ ಪಿಟೀಲು ನುಡಿಸಿದ. ಆಮೇಲೆ ಆ ಜಾಗಕ್ಕೆ ಫ್ರಾನ್ಸಿನ ಝಾನ್-ಲುಕ್ ಪಾಂಟಿ ಬಂದ. ಡ್ರಮ್ಮು, ಗಿಟಾರುಗಳ ಅಬ್ಬರದ ನಡುವೆ ಪೊಳ್ಳು ಪೆಟ್ಟಿಗೆಯ ಪಿಟೀಲಿಗೆ ಮೈಕು ಹಿಡಿದರೆ ಸ್ಪೀಕರಿನ ಸದ್ದೇ ಮರಳಿ ಪೆಟ್ಟಿಗೆಯೊಳಗೆ ಹೊಕ್ಕು ಕೀರಲು ಎಬ್ಬಿಸುತ್ತದೆ. ಅದಕ್ಕೇ ಪೊಳ್ಳಿಲ್ಲದ ಗಟ್ಟಿ ಮರದ ಒಡಲು. ಕುದುರೆಯ ಬಳಿ ಕೂರಿಸಿದ ಪಿಕಪ್ ತಂತಿಯ ಕಂಪನವನ್ನು ವಿದ್ಯುತ್ತಾಗಿಸಿ ಆಂಪ್ಲಿಫೈಯರಿಗೆ ಮುಟ್ಟಿಸುತ್ತದೆ.

ನಮ್ಮವರಲ್ಲಿ ಈ ದಾರಿ ಹಿಡಿದವರು ಎಲ್. ಸುಬ್ರಹ್ಮಣ್ಯಂ ಮತ್ತು ತಮ್ಮ ಎಲ್. ಶಂಕರ್. ತಂದೆ ವಿ. ಲಕ್ಷ್ಮೀನಾರಾಯಣ ಅಯ್ಯರ್ ಜಾಫ್ನಾದಲ್ಲಿ ಸಂಗೀತ ಕಲಿಸುತ್ತಿದ್ದವರು. 1958ರ ಗಲಭೆಯಿಂದಾಗಿ ಆ ಸಂಸಾರ ಮದರಾಸಿಗೆ ಮರಳಿತು. ಭಾಷೆಯ ಹೆಸರಿನ ದ್ವೇಷದಲ್ಲಿ ಊರು ಬಿಡಬೇಕಾದವರ ಪಾಡು ನಮ್ಮ ವಾಚಕರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಶಂಕರ್ 1975ರ ಹೊತ್ತಿಗೆ ಮೆಕ್‌ಲಾಫ್ಲಿನ್‌ನ ‘ಶಕ್ತಿ’ ತಂಡದಲ್ಲಿದ್ದರು. ತಮಾಷೆಯೆಂದರೆ, ಅಷ್ಟು ಅಬ್ಬರ ಎಬ್ಬಿಸಿದ ಮೆಕ್‌ಲಾಫ್ಲಿನ್ ಇಲ್ಲಿ ಕರೆಂಟಿನ ಗಿಟಾರು ಬದಿಗಿಟ್ಟು ಮರದ ಗಿಟಾರನ್ನೇ ಹಿಡಿದ. ಶಂಕರ್ ಮುಂದೆ ಎರಡು ಕುತ್ತಿಗೆ, ಹತ್ತು ತಂತಿಯ ಎಲೆಕ್ಟ್ರಿಕ್ ಪಿಟೀಲು ಮಾಡಿಸಿಕೊಂಡರು. ‘ಶಕ್ತಿ’ಯ ಹೊಸ ತಂಡಕ್ಕೆ 2024ರಲ್ಲಿ ಗ್ರ್ಯಾಮಿ ಬಂದಾಗ ಪಿಟೀಲು ಗಣೇಶ್ ರಾಜಗೋಪಾಲನ್ ಅವರದು. ನಮ್ಮ ಕರಾವಳಿಯ ಕದ್ರಿ ಗೋಪಾಲನಾಥರು ಕನ್ನಡ ಮೂಲದ ಅಮೆರಿಕನ್ ಜಾಝ್ ವಾದಕ ರುದ್ರೇಶ್ ಮಹಾಂತಪ್ಪರೊಡನೆ 2008ರಲ್ಲಿ ತಂದ ‘ಕಿನ್ಸ್‌ಮೆನ್’ನಲ್ಲೂ ಎ. ಕನ್ಯಾಕುಮಾರಿಯವರ ಪಿಟೀಲಿದೆ.

ಇಷ್ಟೆಲ್ಲ ನೆನಪಾದುದು ತಿರುಪ್ಪೂರಿನಲ್ಲಿ. ಕೊಯಮತ್ತೂರು, ತಿರುಪ್ಪೂರು ಜಿಲ್ಲೆಗಳಲ್ಲಿ ತಲೆಮಾರುಗಳಿಂದ ನೆಲೆಸಿದ ದೇವಾಂಗ ನೇಕಾರರಲ್ಲಿ ಮನೆಮಾತು ಕನ್ನಡವಾದವರು ಬಹಳ. ನಾವು ಹೋದ ಮನೆಯಲ್ಲಿ ಮಾತು ಕನ್ನಡ, ಓದು ತಮಿಳು. ಪಿಟೀಲು ಕಲಿಯುವ ಮೊಮ್ಮಗ ಕರೆಂಟಿನದೇ ಬೇಕೆಂದು ಹಟ ಹಿಡಿದಿದ್ದ.

“ಮಗ್ಗಕ್ಕೆ ಕರೆಂಟು ಬಂತು, ನನ್ನ ಕೈಗೆ ಕೆಲಸ ಇಲ್ದೆ ಹೋಯ್ತು. ಇನ್ನು ಇದಕ್ಕೂನಾ?” ಎಂದರು ತಾತ. ಕೈಮಗ್ಗದಲ್ಲಿ ಸೀರೆ ನೇಯ್ದು, ಕೊನೆಗೆ ಪವರ್‌ಲೂಮಿನ ಕೂಲಿಗೆ ಹೋದವರ ಮಾತದು. ನಕ್ಕು ತೇಲಿಸುವಂಥದಲ್ಲ.

ಆದರೂ ನಮ್ಮ ಅಭಿಪ್ರಾಯ ಬೇರೆ. ಪವರ್‌ಲೂಮಿನಲ್ಲಿ ಲಾಳಿ ಎಸೆಯುವುದೇ ಯಂತ್ರ. ಇಲ್ಲಿ ಕಮಾನು ಎಳೆಯಬೇಕಾದವನು ಹುಡುಗನೇ, ತೋಡಿಯ ಗಾಂಧಾರ ತೂಗಬೇಕಾದುದು ಅವನ ಬೆರಳೇ. ಕರೆಂಟು ಹೊರುವುದು ಸದ್ದನ್ನು ಮಾತ್ರ. ತಪ್ಪು ಸ್ವರವನ್ನೂ ಅಷ್ಟೇ ಜೋರಾಗಿ ಹೊರುತ್ತದೆ! ಮರದ ಪಿಟೀಲಿನ ಒಡಲಿಂದ ಬರುವ ಆ ತುಂಬುನಾದ ಮಾತ್ರ ಅದರಲ್ಲಿ ಪೂರ್ತಿಯಾಗಿ ಸಿಗುವುದಿಲ್ಲ. ಅಷ್ಟರಮಟ್ಟಿಗೆ ತಾತನ ಸಂಶಯ ಸರಿಯೇ.

ನಾವು ಹೇಳಿದ್ದಿಷ್ಟು: ಮೊದಲು ಇದ್ದ ಪಿಟೀಲಿನಲ್ಲೇ ವರ್ಣಗಳು ಗಟ್ಟಿಯಾಗಲಿ. ಆಮೇಲೂ ಆಸೆ ಉಳಿದರೆ ಅದಕ್ಕೇ ಒಂದು ಪಿಕಪ್ ಸಿಕ್ಕಿಸಿದರಾಯಿತು, ಖರ್ಚು ಕಡಿಮೆ. ಹೊಸತು ಕೊಂಡರೆ ಒಂದು ಅನುಕೂಲವುಂಟು. ಗಟ್ಟಿ ಒಡಲಿನ ಪಿಟೀಲು ಕರೆಂಟಿಲ್ಲದಾಗ ಹೆಚ್ಚು ಸದ್ದೇ ಮಾಡದು, ಹೆಡ್‌ಫೋನ್ ಹಾಕಿಕೊಂಡು ನಡುರಾತ್ರಿಯಲ್ಲೂ ಸಾಧನೆ ಮಾಡಬಹುದು.

“ಸದ್ದೇ ಇರಲ್ವಾ?” ಎಂದು ತಾತ ಎರಡು ಸಲ ಕೇಳಿದರು. ಬನಿಯನ್ ಕಾರ್ಖಾನೆಯಲ್ಲಿ ರಾತ್ರಿ ಪಾಳಿ ಮುಗಿಸಿ ಬಂದ ಅವರ ಮಗ ಆಗಿನ್ನೂ ಒಳಕೋಣೆಯಲ್ಲಿ ಮಲಗಿದ್ದರು.